ಉಪಗ್ರಹ ಚಿತ್ರದಿಂದ ಕೆರೆಯ ನೀರು ಅಳೆಯುವುದು ಹೇಗೆ?

ಈ ವರ್ಷ ಕೆರೆಯಲ್ಲಿ ನೀರು ಎಷ್ಟು ಹರಡಿದೆ, ಐದು ವರ್ಷದ ಹಿಂದೆ ಎಷ್ಟಿತ್ತು? ಕೂತಲ್ಲೇ ಅಳೆಯಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಪುಕ್ಕಟೆ, ಅದನ್ನು ತೆರೆದು ನೋಡುವ ಕ್ಯೂಜಿಐಎಸ್ ಎಂಬ ತಂತ್ರಾಂಶ ಕೂಡ ಪುಕ್ಕಟೆ.

ಮೊದಲು ಈ ಚಿತ್ರಗಳು ಸಿಗುವ ಜಾಲತಾಣ ಕೋಪರ್ನಿಕಸ್ ಬ್ರೌಸರ್‌ನಲ್ಲಿ ಖಾತೆ ಮಾಡಿಕೊಳ್ಳಿ. ಜಾಗ, ತಾರೀಕು ಕೊಟ್ಟು ಎಲ್2ಎ ಮಾದರಿಯ ಚಿತ್ರ ಹುಡುಕಿ. ಎಲ್1ಸಿ ಬೇಡ, ಅದರಲ್ಲಿ ಗಾಳಿಯ ಮಬ್ಬು ಹಾಗೇ ಉಳಿದಿರುತ್ತದೆ. ಮೋಡ ಶೇಕಡಾ ಎಷ್ಟು ಅಂತ ಪಕ್ಕದಲ್ಲೇ ತೋರಿಸುತ್ತದಲ್ವಾ, ಅದನ್ನು ಪೂರ್ತಿ ನಂಬಬೇಡಿ. ಅದು ಸುಮಾರು 110 ಕಿ.ಮೀ. ಉದ್ದ, ಅಷ್ಟೇ ಅಗಲದ ಇಡೀ ಚಿತ್ರದ ಲೆಕ್ಕ. ಶೇ. 40 ಮೋಡ ಇರುವ ಚಿತ್ರದಲ್ಲಿ ನಿಮ್ಮ ಕೆರೆ ಮಾತ್ರ ನಿಚ್ಚಳವಾಗಿರಬಹುದು, ಶೇ. 5 ಇದ್ದರೂ ಆ ಒಂದು ಮೋಡ ಸರಿಯಾಗಿ ಕೆರೆ ಮೇಲೇ ಕೂತಿರಬಹುದು. ಕಣ್ಣಲ್ಲಿ ನೋಡಿಯೇ ಆರಿಸಿ. ಎರಡು ವರ್ಷ ಹೋಲಿಸುವುದಾದರೆ ತಿಂಗಳೂ ಒಂದೇ ಇರಲಿ.

ಇಳಿಸಿಕೊಂಡ ಮೇಲೆ ಎರಡೇ ಬ್ಯಾಂಡ್ (ಒಂದೊಂದು ಬಗೆಯ ಬೆಳಕಿನ ಪದರ) ಸಾಕು: ಹಸಿರಿನ ಬಿ03, ಕಣ್ಣಿಗೆ ಕಾಣದ ಹತ್ತಿರದ ಅವಗೆಂಪಿನ ಬಿ08. ಎರಡರಲ್ಲೂ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್ ಚೌಕ. ನೀರು ಅವಗೆಂಪು ಬೆಳಕನ್ನು ನುಂಗಿಬಿಡುತ್ತದೆ, ಹಸಿರನ್ನು ಸ್ವಲ್ಪ ವಾಪಸ್ ಕಳಿಸುತ್ತದೆ. ಎಲೆ, ಮಣ್ಣು ಇದಕ್ಕೆ ಉಲ್ಟಾ. ಹಾಗಾಗಿ ಕ್ಯೂಜಿಐಎಸ್ ಒಳಗಿನ ರಾಸ್ಟರ್ ಕ್ಯಾಲ್ಕುಲೇಟರ್ ತೆರೆದು (ಬಿ03 − ಬಿ08) ÷ (ಬಿ03 + ಬಿ08) ಅಂತ ಹಾಕಿ. ಇದಕ್ಕೆ ಎನ್‌ಡಿಡಬ್ಲ್ಯುಐ ಅಂತಾರೆ. ಸಾಮಾನ್ಯವಾಗಿ ಸೊನ್ನೆಗಿಂತ ಮೇಲಿದ್ದರೆ ನೀರು. ನಾನು ಸೊನ್ನೆಯಿಂದ ಶುರು ಮಾಡಿ, ದಡ ಕಣ್ಣಿಗೆ ಸರಿ ಕಾಣುವವರೆಗೆ ನೀರು, ನೆಲ ಬೇರೆ ಮಾಡುವ ಈ ಗೆರೆಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡುತ್ತೇನೆ.

ಇಲ್ಲೇ ಒಮ್ಮೆ ಬೇಸ್ತು ಬಿದ್ದಿದ್ದೆ. ಹಳೇ ಚಿತ್ರಕ್ಕೆ 0.1ರ ಗೆರೆ ಇಟ್ಟು, ಅದೇ ಗೆರೆಯನ್ನು ಹೊಸ ಚಿತ್ರಕ್ಕೂ ಹಾಕಿದರೆ ಕೆರೆಯ ಅಂಚೆಲ್ಲ ಮಾಯ! ಬತ್ತಿಹೋಗಿದೆ ಅಂತ ನಾಲ್ಕು ಜನಕ್ಕೆ ಹೇಳಿಯೂ ಆಗಿತ್ತು. ಕೆರೆ ಬತ್ತಿರಲಿಲ್ಲ, ಲೆಕ್ಕ ತಪ್ಪಿತ್ತು. 2022ರ ಜನವರಿ 25ರಿಂದ ಈ ಚಿತ್ರಗಳ ಪ್ರತಿ ಪಿಕ್ಸೆಲ್‌ಗೂ 1000 ಸೇರಿಸಿ ಕೊಡುತ್ತಾರೆ. ಆಳವಿಲ್ಲದ ನೀರಿನಲ್ಲಿ ಹಸಿರು 500, ಅವಗೆಂಪು 300 ಅಂತ ಇಟ್ಟುಕೊಳ್ಳಿ: 200ನ್ನು 800ರಿಂದ ಭಾಗಿಸಿದರೆ 0.25, ಅಂದರೆ ನೀರು. ಅದೇ 1500, 1300 ಆಗಿ ಬಂದರೆ 200ನ್ನು 2800ರಿಂದ ಭಾಗಿಸಬೇಕು, ಸಿಗುವುದು ಬರೀ 0.07. 0.1ರ ಗೆರೆಗಿಂತ ಕೆಳಗಿರುವುದರಿಂದ ನೆಲ ಅಂತ ತೋರಿಸಿಬಿಡುತ್ತದೆ. ಫೈಲಿನ ಹೆಸರಲ್ಲಿ ಎನ್ ಅಕ್ಷರದ ಮುಂದೆ ನಾಲ್ಕು ಅಂಕಿ ಇರುತ್ತವೆ. ಅದು 0400 ಅಥವಾ ಜಾಸ್ತಿ ಇದ್ದರೆ ಎರಡೂ ಬ್ಯಾಂಡಿನಿಂದ 1000 ಕಳೆದು ಆಮೇಲೆ ಲೆಕ್ಕ ಹಾಕಿ. ಹಳೇ ಚಿತ್ರಗಳನ್ನೂ ಮತ್ತೆ ಸಂಸ್ಕರಿಸಿ ಹೀಗೇ ಕೊಡುತ್ತಿದ್ದಾರೆ, ಅದಕ್ಕೇ ತಾರೀಕು ನೋಡಿ ಸುಮ್ನೆ ಊಹಿಸಬೇಡಿ.

ನೀರಿಗೆ 1, ಉಳಿದದ್ದಕ್ಕೆ 0 ಅಂತ ಮಾಡಿಕೊಂಡು, ಕೆರೆಯ ಸುತ್ತ ಕತ್ತರಿಸಿ, ಯೂನಿಕ್ ವ್ಯಾಲ್ಯೂಸ್ ರಿಪೋರ್ಟ್ ಓಡಿಸಿದರೆ ಪಿಕ್ಸೆಲ್ ಎಣಿಕೆ ಬರುತ್ತದೆ. 100 ಪಿಕ್ಸೆಲ್ ಅಂದರೆ 1 ಹೆಕ್ಟೇರ್. ತೀರಾ ಚಿಕ್ಕ ಕುಂಟೆಗೆ ಇದು ಒಗ್ಗುವುದಿಲ್ಲ: 1 ಹೆಕ್ಟೇರಿನ ಚೌಕದಲ್ಲಿ 100ಕ್ಕೆ 36 ಪಿಕ್ಸೆಲ್ ಅಂಚಿನವು, ಅರ್ಧ ನೀರು ಅರ್ಧ ಮಣ್ಣು.

ಮೋಡದ ನೆರಳು ಒಮ್ಮೊಮ್ಮೆ ನೀರಿನ ಹಾಗೇ ಕಾಣುತ್ತದೆ. ಜೊತೆಗೆ ಬರುವ, ಪ್ರತಿ ಪಿಕ್ಸೆಲ್ ಏನು ಅಂತ ಅಂಕಿಯಲ್ಲಿ ಹೇಳುವ ಎಸ್‌ಸಿಎಲ್ ಪದರದಲ್ಲಿ 3 ಅಂದರೆ ನೆರಳು, 8 ಮತ್ತು 9 ಅಂದರೆ ಮೋಡ, ಅವನ್ನು ತೆಗೆದುಹಾಕಿ. ಕೆರೆ ತುಂಬ ಕಳೆ ಬೆಳೆದಿದ್ದರೆ ಮಾತ್ರ ಏನೂ ಮಾಡಲಾಗದು, ಉಪಗ್ರಹಕ್ಕೆ ಕಾಣುವುದು ಎಲೆ, ಕೆಳಗಿನ ನೀರಲ್ಲ. ಮಳೆಗಾಲ ಪೂರ್ತಿ ಮೋಡವೇ ಇದ್ದರೆ ಸೆಂಟಿನೆಲ್-1 ಹಿಡಿಯಿರಿ. ಅದು ರೇಡಾರ್, ಮೋಡ ದಾಟಿ ನೋಡುತ್ತದೆ, ನಿಂತ ನೀರು ಅದರಲ್ಲಿ ಕಪ್ಪಗೆ ಕಾಣುತ್ತದೆ. ಗಾಳಿ ಜೋರಿದ್ದ ದಿನದ ಚಿತ್ರ ಬಿಟ್ಟುಬಿಡಿ, ಅಲೆ ಎದ್ದರೆ ಆ ಕಪ್ಪು ಬೆಳ್ಳಗಾಗುತ್ತದೆ.