ಹಿರಿಯರ ಮನೆಯ ಸಣ್ಣ ಕೆಲಸಗಳು: ಬಚ್ಚಲಿನಿಂದ ಶುರು

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ, ರಾಜಾಜಿನಗರದ ಹಳೇ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ, ಎಷ್ಟೋ ಕಡೆ ಒಬ್ಬರೇ ಇರುತ್ತಾರೆ. ಅಂಥ ಮನೆಗೆ ಸಣ್ಣಪುಟ್ಟ ಕೆಲಸ ಮಾಡಿಕೊಡಲು ಮೊದಲ ಸಲ ಹೋದಾಗ ನಾವು ಚೀಲ ಬಿಚ್ಚುವುದಿಲ್ಲ. ಅವರು ಮನೆಯೊಳಗೆ ಓಡಾಡುವಾಗ ಕೈ ಎಲ್ಲೆಲ್ಲಿ ಆಸರೆ ಹುಡುಕುತ್ತದೆ ಎಂದು ನೋಡುತ್ತೇವೆ, ಅಷ್ಟೇ. ಬಾಗಿಲ ಚೌಕಟ್ಟು, ವಾಶ್‌ಬೇಸಿನ್ ಅಂಚು, ಟವಲ್ ರಾಡು. ಟವಲ್ ರಾಡು ಹಿಡಿದು ಕಮೋಡಿನಿಂದ ಏಳುವವರಿದ್ದರೆ ಉಳಿದ ಕೆಲಸವೆಲ್ಲ ಆಮೇಲೆ. ಅದನ್ನು ಗೋಡೆಗೆ ಕೂರಿಸಿರುವುದು ಒಂದು ಒಂದೂವರೆ ಇಂಚಿನ ಸ್ಕ್ರೂ. ಒದ್ದೆ ಟವಲಿಗೆ ಅದು ಸಾಕು, ಆಳಿನ ಭಾರಕ್ಕೆ ಕಿತ್ತು ಬರುತ್ತದೆ.

ಅದರ ಬದಲು ಆಸರೆಗೆಂದೇ ಗೋಡೆಗೆ ಹಾಕುವ ಹಿಡಿಕಂಬಿಗೆ 304 ದರ್ಜೆಯ ಸ್ಟೀಲ್, 32 ಮಿ.ಮೀ. ದಪ್ಪದ್ದು ತರಬೇಕು. ಗೋಡೆಗೂ ಕಂಬಿಗೂ ನಡುವೆ 40 ಮಿ.ಮೀ. ಸಂದು ಸಾಕು. ಇನ್ನೂ ಅಗಲವಾದರೆ ಜಾರಿದ ಕೈ ಮೊಣಕೈವರೆಗೂ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಗಾಳಿ ಎಳೆದು ಅಂಟಿಸುವ ಪ್ಲಾಸ್ಟಿಕ್ ಹಿಡಿಗಳನ್ನು ದಯವಿಟ್ಟು ಯಾರೂ ಹಾಕಬೇಡಿ. ಸುಣ್ಣದ ಪೊರೆ ಕಟ್ಟಿದ ಟೈಲ್ಸ್ ಮೇಲೆ ಅವು ಹೇಳದೆ ಕೇಳದೆ ಬಿಟ್ಟುಕೊಳ್ಳುತ್ತವೆ.

ಎತ್ತರವನ್ನು ಟೇಪಿನಿಂದ ಶುರು ಮಾಡುವುದಿಲ್ಲ. ಅವರನ್ನು ಮುಚ್ಚಳ ಹಾಕಿದ ಕಮೋಡ್ ಮೇಲೆ ಕೂರಿಸಿ, ಏಳಲು ಹೇಳಿ, ಅಂಗೈ ಗೋಡೆಗೆ ತಾಗುವ ಕಡೆ ಮಾಸ್ಕಿಂಗ್ ಟೇಪ್ ಅಂಟಿಸುತ್ತೇವೆ. ಮೂರು ಸಲ ಹೀಗೆ ಮಾಡಿದರೆ ಸರಿಯಾದ ಜಾಗ ಸಿಗುತ್ತದೆ. ಸಾಮಾನ್ಯವಾಗಿ ಅದು ನೆಲದಿಂದ 70 ಸೆಂ.ಮೀ. ಆಸುಪಾಸು ಬರುತ್ತದೆ. ಬಲ ಯಾವ ಕೈಯಲ್ಲಿದೆ ಎಂದು ಕೇಳಲೇಬೇಕು. ಪಾರ್ಶ್ವವಾಯು ಆದವರಿಗೆ ಬಲವಿಲ್ಲದ ಕಡೆ ಕಂಬಿ ಹಾಕಿದರೆ ಇದ್ದೂ ಇಲ್ಲದಂತೆ.

ಕೊರೆಯುವ ಮೊದಲು ನಾಣ್ಯದಿಂದ ಟೈಲ್ಸ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಿಂದೆ ಗಾರೆ ಹಿಡಿದಿಲ್ಲ, ಬಿರಿಯುತ್ತದೆ. ನಲ್ಲಿ, ಗೀಸರ್‌ಗಳ ನೇರಕ್ಕೆ ಮೇಲೂ ಕೆಳಗೂ ಗೋಡೆಯೊಳಗೆ ಪೈಪಿರುತ್ತದೆ, ಆ ಗೆರೆಯಿಂದ ಎರಡೂ ಕಡೆ 15 ಸೆಂ.ಮೀ. ದೂರವಿರಿ. ಟೇಪಿನ ಮೇಲೆ ಗುರುತು ಮಾಡಿ, ಡ್ರಿಲ್ಲಿಗೆ 6 ಮಿ.ಮೀ. ಟೈಲ್ಸ್ ಬಿಟ್ (ಕೊರೆಯುವ ಮೊನೆ) ಹಾಕಿ, ಕುಟ್ಟುವ ಹ್ಯಾಮರ್ ಆಫ್ ಇಟ್ಟುಕೊಂಡೇ ಟೈಲ್ಸ್ ದಾಟಬೇಕು. ಆಮೇಲೆ ಸ್ಕ್ರೂ ಕೂರುವ ಪ್ಲಾಸ್ಟಿಕ್ ಪ್ಲಗ್ಗಿನ ಅಳತೆಗೆ ತೂತು ದೊಡ್ಡದು ಮಾಡಿ, ಗೋಡೆ ಸಿಕ್ಕ ಮೇಲೆ ಹ್ಯಾಮರ್ ಆನ್. ಟೈಲ್ಸು, ಅದರ ಹಿಂದಿನ ಗಾರೆ ಸೇರಿಯೇ ಒಂದಿಂಚು ತಿನ್ನುತ್ತವೆ. ಅದಕ್ಕೇ ಕಂಬಿಯ ಜೊತೆ ಡಬ್ಬಿಯಲ್ಲಿ ಬರುವ ಗಿಡ್ಡ ಸ್ಕ್ರೂಗಳನ್ನು ಬಳಸದೆ 75 ಮಿ.ಮೀ. ಉದ್ದದ ಸ್ಟೀಲ್ ಸ್ಕ್ರೂ ತರುತ್ತೇವೆ. ಕಬ್ಬಿಣದ ಸ್ಕ್ರೂ ಬಚ್ಚಲಲ್ಲಿ ತುಕ್ಕು ಹಿಡಿದು ಒಳಗೊಳಗೇ ಸವೆಯುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಗೋಡೆ ಯಾವುದು ಎಂಬುದನ್ನು ಬಿಟ್ಟಿಗೆ ಅಂಟಿದ ಪುಡಿ ಹೇಳುತ್ತದೆ. ಕೆಂಪು ಪುಡಿ ಬಂದು, ಬಿಟ್ ಒಂದೇ ಸಮನೆ ಬಿಗಿಯಾಗಿ ಹೋದರೆ ಇಟ್ಟಿಗೆ, ಒಳ್ಳೆಯದು. ಕಂದು ಮಣ್ಣೋ ಸುಣ್ಣದ ಪುಡಿಯೋ ಉದುರಿದರೆ ಇಟ್ಟಿಗೆಯ ಸಂದಿಗೆ ಬಂದಿದ್ದೀರಿ. ತೂತನ್ನು ಇಟ್ಟಿಗೆಯ ಮಧ್ಯಕ್ಕೆ ಸರಿಸಿ, ಅಲ್ಲೂ ಉದುರಿದರೆ ಕೆಮಿಕಲ್ ಆಂಕರ್ (ತೂತಿನೊಳಗೆ ಗಟ್ಟಿಯಾಗಿ ಹಿಡಿಯುವ ಅಂಟು) ಹಾಕಿ. ಬೂದು ಪುಡಿ ಬಂದು ಬಿಟ್ ಫಕ್ಕನೆ ಒಳಗೆ ನುಗ್ಗಿದರೆ ಟೊಳ್ಳು ಬ್ಲಾಕ್. ಅಲ್ಲಿ ಸಾಮಾನ್ಯ ಪ್ಲಗ್ ಗಿರಗಿರ ತಿರುಗುತ್ತದೆ, ಜಾಲರಿ ಕೊಳವೆ ಇರುವ ಕೆಮಿಕಲ್ ಆಂಕರೇ ಬೇಕು. ಪ್ರತಿ ತೂತಿಗೂ ಸಿಲಿಕೋನ್ ತುಂಬಿ ಸ್ಕ್ರೂ ಹಾಕಿ, ಇಲ್ಲದಿದ್ದರೆ ಅಲ್ಲಿಂದ ಗೋಡೆಗೆ ನೀರು ಇಳಿಯುತ್ತದೆ. 24 ಗಂಟೆ ಕಂಬಿಯನ್ನು ಯಾರೂ ಮುಟ್ಟಬಾರದು. ಮಾರನೇ ದಿನ ನಮ್ಮಲ್ಲಿ ದಪ್ಪಗಿರುವವರು ಇಡೀ ಮೈಭಾರ ಹಾಕಿ ಕೆಳಗೂ ಹೊರಗೂ ಎಳೆದು ನೋಡಿದ ಮೇಲೆಯೇ ಅಜ್ಜಿಯ ಕೈಗೆ.

ಬಚ್ಚಲ ಬಾಗಿಲಲ್ಲಿ ಹಾಸಿದ ಹಳೇ ಬಟ್ಟೆ, ಗೋಣಿಚೀಲ ತೆಗೆಸುತ್ತೇವೆ. ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಅರ್ಧ ವ್ಯಾಟಿನ ಎಲ್‌ಇಡಿ ದೀಪವೊಂದು ರಾತ್ರಿಯಿಡೀ ಉರಿಯಲಿ.

ಇನ್ನು ನಲ್ಲಿ. ಬೋರ್‌ವೆಲ್ ನೀರಿನ ಗಡಸಿಗೆ ತಿರುಪು ನಲ್ಲಿಗಳು ಬಿಗಿಯುತ್ತವೆ. ಸಂಧಿವಾತದ ಬೆರಳುಗಳಿಗೆ ತಿರುಗಿಸಲಾಗದೆ ತೊಟ್ಟಿಕ್ಕುತ್ತಲೇ ಬಿಡುತ್ತಾರೆ. ಕಾಲು ಭಾಗ ತಿರುಗಿಸಿದರೆ ನಿಲ್ಲುವ, ಉದ್ದ ಹಿಡಿಯ 15 ಮಿ.ಮೀ. ನಲ್ಲಿ ಹಾಕಿದರೆ ಅಂಗೈ ಅಂಚಿನಿಂದಲೇ ತಳ್ಳಬಹುದು. ಟೆಫ್ಲಾನ್ ಟೇಪನ್ನು ಮರೆಯ (ತಿರುಪಿನ ಸುತ್ತುಗೆರೆಯ) ತುದಿ ನಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳಿನ ದಿಕ್ಕಿಗೆ ಎಂಟು ಹತ್ತು ಸುತ್ತು ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿಯುವಾಗಲೇ ಬಿಚ್ಚಿಕೊಳ್ಳುತ್ತದೆ. ಗೋಡೆಯೊಳಗಿರುವುದು ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾದರೆ ಮಾತ್ರ ಕೈ ಹಾಕುವುದಿಲ್ಲ. ನಲ್ಲಿ ಬಿಚ್ಚುವಾಗ ತುಕ್ಕು ಹಿಡಿದ ಮರೆ ಮುರಿದು ಒಳಗೇ ಉಳಿದರೆ ಗೋಡೆ ಒಡೆಯಬೇಕಾಗುತ್ತದೆ, ಅದು ಪ್ಲಂಬರ್ ಕೆಲಸ. ಕಾವೇರಿ ನೀರು ಬಿಡುವ ದಿನ ಮತ್ತು ಭಾನುವಾರ ಸಂಜೆ ನಲ್ಲಿ ಕೆಲಸ ಇಟ್ಟುಕೊಳ್ಳಬೇಡಿ. ಕೈಕೊಟ್ಟರೆ ರಾತ್ರಿಯೆಲ್ಲ ಅವರಿಗೆ ನೀರಿಲ್ಲ.

ನವೆಂಬರ್ ಬಂತೆಂದರೆ ಪಿಂಚಣಿಯ ಜೀವನ ಪ್ರಮಾಣ ಪತ್ರ, ಅಂದರೆ ಬದುಕಿದ್ದೇವೆಂದು ವರ್ಷವರ್ಷ ಕೊಡಬೇಕಾದ ಪತ್ರ. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು, ಅವರನ್ನು ಮೊದಲು ಮುಗಿಸುತ್ತೇವೆ. ವಯಸ್ಸಾದಂತೆ ಬೆರಳ ಗೆರೆ ಸವೆದು ಬೆರಳಚ್ಚು ಯಂತ್ರ ಒಪ್ಪುವುದಿಲ್ಲ. 2021ರಿಂದ ಮುಖ ತೋರಿಸಿ ಮಾಡುವ ದಾರಿ ಇದೆ. ಫೋನಿನಲ್ಲಿ ಆಧಾರ್ ಫೇಸ್ ಆರ್‌ಡಿ, ಜೀವನ್ ಪ್ರಮಾಣ್ ಎರಡೂ ಆ್ಯಪ್ ಬೇಕು. ಆಧಾರ್ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಪಿಂಚಣಿ ಬರುವ ಖಾತೆ ಸಂಖ್ಯೆ ಮುಂದಿಟ್ಟುಕೊಳ್ಳಿ. ಪಿಪಿಒ ಸಂಖ್ಯೆಯನ್ನು ನೆನಪಿನಿಂದ ಹೇಳಿಸಬೇಡಿ, ಮೂಲ ಪುಸ್ತಕ ನೋಡಿಯೇ ತುಂಬಿ. ಪಿಂಚಣಿ ಕೊಡುವ ಸಂಸ್ಥೆಯ ಪಟ್ಟಿಯಲ್ಲಿ ತಪ್ಪು ಬ್ಯಾಂಕ್ ಒತ್ತುವುದೂ ಸಾಮಾನ್ಯ. ಕನ್ನಡಕ ತೆಗೆಸಿ, ಕಿಟಕಿಗೆ ಮುಖ ಮಾಡಿ ಕೂರಿಸಿ. ಬೆಳಕು ಬೆನ್ನ ಹಿಂದಿದ್ದರೆ ಹತ್ತು ಸಲ ಪ್ರಯತ್ನಿಸಿದರೂ ಆಗುವುದಿಲ್ಲ. ಪ್ರಮಾಣ್ ಐಡಿ ಎಸ್‌ಎಂಎಸ್ ಬಂದ ಮಾತ್ರಕ್ಕೆ ಮುಗಿಯಲಿಲ್ಲ, ಬ್ಯಾಂಕು ಸ್ವೀಕರಿಸಿತೇ ಎಂದು ಕೆಲವು ದಿನ ಬಿಟ್ಟು ನೋಡಬೇಕು. ನಮ್ಮ ಫೋನಿನಲ್ಲಿ ತೆಗೆದ ದಾಖಲೆಯ ಫೋಟೋಗಳನ್ನು ಅವರೆದುರೇ ಅಳಿಸುತ್ತೇವೆ. ಯುಪಿಐ ಪಿನ್ ಹೇಳಲು ಬಂದರೆ ತಡೆಯುತ್ತೇವೆ, ಪ್ರೀತಿಯಿಂದ ಹೇಳಿದರೂ.

ಯಾವ ಮನೆಗೂ ಒಬ್ಬರೇ ಹೋಗುವುದಿಲ್ಲ. ಯಾರು ಬರುತ್ತಾರೆಂದು ಹೆಸರು ಹೇಳಿ ಹಿಂದಿನ ದಿನವೇ ಫೋನ್ ಮಾಡಿರುತ್ತೇವೆ. ಹೊರಡುವ ಮುಂಚೆ ಗೋಡೆಗೊಂದು ದಪ್ಪಕ್ಷರದ ಹಾಳೆ: ತುರ್ತಿಗೆ 112, ನಗರದ ಹಿರಿಯರ ಸಹಾಯವಾಣಿ 1090, ದೇಶದ ಎಲ್ಡರ್‌ಲೈನ್ 14567, ಗ್ಯಾಸ್ ಸೋರಿದರೆ 1906, ಕರೆಂಟಿಗೆ 1912, ನೀರಿಗೆ 1916.

ವಾರ ಬಿಟ್ಟು ಇನ್ನೊಮ್ಮೆ ಹೋಗಬೇಕು. ಕಂಬಿಯ ಮೇಲೆ ಒದ್ದೆ ಸೀರೆ, ಟವಲ್ ಒಣಗುತ್ತಿದ್ದರೆ ಬಟ್ಟೆಗೆ ಬೇರೆ ಜಾಗ ಇಲ್ಲವೆಂದರ್ಥ. ಹಿಡಿಯುವ ಕೈಗೆ ಬಟ್ಟೆ ಸಿಕ್ಕಿದರೆ ಜಾರುತ್ತದೆ. ಹಾಗಾಗಿ ಎರಡನೇ ಭೇಟಿಯ ಚೀಲದಲ್ಲಿ ಎರಡು ಕೊಕ್ಕೆ ಇದ್ದೇ ಇರುತ್ತವೆ.