ಕಾರ್ಡಿಗೊಂದು ರೇಟು, ಕ್ಯಾಶಿಗೊಂದು ರೇಟು: ನ್ಯೂಜೆರ್ಸಿಗೆ ಹೊಸದಾಗಿ ಬಂದವರಿಗೆ

ಬೆಂಗಳೂರಿನ ಎಸ್ಪಿ ರೋಡಿನಲ್ಲಿ ಲ್ಯಾಪ್‌ಟಾಪ್ ಕೊಂಡವರಿಗೆ ಈ ಮಾತು ಹೊಸದಲ್ಲ: "ಕಾರ್ಡ್ ಆದ್ರೆ ಟೂ ಪರ್ಸೆಂಟ್ ಎಕ್ಸ್‌ಟ್ರಾ ಆಗತ್ತೆ ಸಾರ್." ಎಳನೀರಿನ ಗಾಡಿಗೂ ಯುಪಿಐ ಬಂದಮೇಲೆ ನಾವದನ್ನು ಮರೆತಿದ್ದೆವು. ಬ್ಯಾಂಕ್ ಖಾತೆಯಿಂದ ಹೋಗುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ಅಂಗಡಿಯವರು ಕಮಿಷನ್ ಕಟ್ಟಬೇಕಾಗಿಲ್ಲ, ಹಾಗಾಗಿ ನಮ್ಮಿಂದಲೂ ಕೇಳುವುದಿಲ್ಲ. ಇಲ್ಲಿಗೆ ಬಂದಿಳಿದ ಮೊದಲ ವಾರವೇ ಆ ಹಳೇ ಮಾತು ಮತ್ತೆ ಕಿವಿಗೆ ಬೀಳುತ್ತದೆ, ಸಾಮಾನ್ಯವಾಗಿ ಪೆಟ್ರೋಲ್ ಬಂಕಿನಲ್ಲಿ.

ಇಲ್ಲಿ ಅದಕ್ಕೆ ಗ್ಯಾಸ್ ಸ್ಟೇಷನ್ ಎನ್ನುತ್ತಾರೆ. ಅಮೆರಿಕದಲ್ಲಿ ನೀವೇ ಇಳಿದು ಪೆಟ್ರೋಲ್ ತುಂಬಿಕೊಳ್ಳುವಂತಿಲ್ಲದ ರಾಜ್ಯ ಈಗ ನ್ಯೂಜೆರ್ಸಿ ಒಂದೇ. ಊರಿನ ಹಾಗೆಯೇ ಹುಡುಗ ಕಿಟಕಿ ಹತ್ತಿರ ಬರುತ್ತಾನೆ. ಅವನ ಮೊದಲ ಪ್ರಶ್ನೆ "ಕ್ಯಾಶ್ ಆರ್ ಕ್ರೆಡಿಟ್?" ತಲೆ ಎತ್ತಿ ಬೋರ್ಡ್ ನೋಡಿ: ಅನೇಕ ಕಡೆ ಎರಡು ರೇಟು ಇರುತ್ತವೆ, ದೊಡ್ಡಕ್ಷರದ್ದು ಕ್ಯಾಶಿನದು. ಗ್ಯಾಲನ್‌ಗೆ 10 ಸೆಂಟ್ ವ್ಯತ್ಯಾಸವಿದ್ದರೆ 14 ಗ್ಯಾಲನ್ ಟ್ಯಾಂಕಿಗೆ 1 ಡಾಲರ್ 40 ಸೆಂಟ್. ಡೆಬಿಟ್ ಕಾರ್ಡಿಗೆ ಯಾವ ರೇಟು ಅನ್ನುವುದು ಬಂಕಿನಿಂದ ಬಂಕಿಗೆ ಬೇರೆ. ಕೊಳವೆ ಟ್ಯಾಂಕಿಗೆ ಇಡುವ ಮುಂಚೆ ಕೇಳಿ, ಆಮೇಲೆ ಕೇಳಿ ಪ್ರಯೋಜನವಿಲ್ಲ.

ಬಿಲ್ಲಿನ ಕೊನೇ ಸಾಲು

ಹೋಟೆಲಿನದು ಇದಕ್ಕಿಂತ ನಾಜೂಕು. ಕಳೆದ ತಿಂಗಳು ಒಂದು ಹೋಟೆಲಿನಲ್ಲಿ ನಾವು ನಾಲ್ಕು ಜನ ದೋಸೆ, ಕಾಫಿ ಮುಗಿಸಿದೆವು. ತಿಂಡಿಯದು 58 ಡಾಲರ್. ರಾಜ್ಯದ ಸೇಲ್ಸ್ ಟ್ಯಾಕ್ಸ್ ಶೇಕಡಾ 6.625, ಅಂದರೆ 3.84. ಅದರ ಕೆಳಗೆ "ನಾನ್ ಕ್ಯಾಶ್ ಅಡ್ಜಸ್ಟ್‌ಮೆಂಟ್ 1.86" ಎಂದು ಇನ್ನೊಂದು ಸಾಲು. ಹೆಸರು ಏನೇ ಇರಲಿ, ಅದು ಶೇಕಡಾ 3ರ ಕಾರ್ಡ್ ಸರ್‌ಚಾರ್ಜೇ. ತೆರಿಗೆಯ ಮೇಲೂ ಹಾಕಿದ್ದರು. ಮೆನುವಿನಲ್ಲಾಗಲಿ ಬಾಗಿಲಲ್ಲಾಗಲಿ ಒಂದಕ್ಷರ ಬರೆದಿರಲಿಲ್ಲ. ನಾನು ಕೊಟ್ಟಿದ್ದು ಡೆಬಿಟ್ ಕಾರ್ಡ್ ಬೇರೆ! ಕೇಳಿದ್ದಕ್ಕೆ ಕೌಂಟರಿನವರು ಮಾತಾಡದೆ ಆ ಸಾಲು ತೆಗೆದು ಹೊಸ ಬಿಲ್ ಕೊಟ್ಟರು. ಕೇಳಿದ ತಕ್ಷಣ ತೆಗೆದಿದ್ದು ನೋಡಿದರೆ ಅವರಿಗೂ ನಿಯಮ ಗೊತ್ತಿತ್ತು ಅಂತಲೇ ನನ್ನ ಗುಮಾನಿ.

ಆ ನಿಯಮ ಇಷ್ಟು. ಸರ್‌ಚಾರ್ಜ್ ಹಾಕಬಹುದಾದದ್ದು ಕ್ರೆಡಿಟ್ ಕಾರ್ಡಿಗೆ ಮಾತ್ರ. ಡೆಬಿಟ್, ಪ್ರೀಪೇಯ್ಡ್ ಕಾರ್ಡುಗಳಿಗೆ ಹಾಕುವುದನ್ನು ವೀಸಾ, ಮಾಸ್ಟರ್‌ಕಾರ್ಡ್ ಒಪ್ಪುವುದಿಲ್ಲ, ಯಂತ್ರದಲ್ಲಿ "ಕ್ರೆಡಿಟ್" ಎಂದು ಒತ್ತಿ ಪಿನ್ ಇಲ್ಲದೆ ಉಜ್ಜಿದರೂ ಸರಿಯೇ. ವೀಸಾ ಕ್ರೆಡಿಟ್ ಕಾರ್ಡಿಗೆ ಶೇಕಡಾ 3, ಮಾಸ್ಟರ್‌ಕಾರ್ಡಿಗೆ ಶೇಕಡಾ 4 ಗರಿಷ್ಠ ಮಿತಿ. ನ್ಯೂಜೆರ್ಸಿ 2023ರಲ್ಲಿ ಮಾಡಿದ ಕಾನೂನು ಇನ್ನೂ ಬಿಗಿ: ಕಾರ್ಡ್ ತೆಗೆದುಕೊಳ್ಳಲು ಅಂಗಡಿಗೆ ನಿಜವಾಗಿ ಎಷ್ಟು ಖರ್ಚೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ನೀವು ದುಡ್ಡು ಕೊಡುವ ಮೊದಲೇ ಕಾಣುವಂತೆ ಬರೆದಿರಬೇಕು. ಮೀರಿದರೆ ರಾಜ್ಯದ ಡಿವಿಷನ್ ಆಫ್ ಕನ್ಸ್ಯೂಮರ್ ಅಫೇರ್ಸ್‌ಗೆ ದೂರು ಕೊಡಬಹುದು. ಎರಡು ಡಾಲರಿಗೆ ಯಾರು ದೂರು ಬರೆಯುತ್ತಾರೆ ಅನ್ನುತ್ತೀರಿ. ಸರಿ, ಆದರೆ ಕೌಂಟರಿನಲ್ಲಿ ಒಂದು ಮಾತು ಕೇಳಲು ಸಂಕೋಚ ಬೇಡ.

ಗಡಿ ದಾಟಿದರೆ ಲೆಕ್ಕ ಬೇರೆ. ಫ್ಲಶಿಂಗ್ ಗಣೇಶನ ದರ್ಶನಕ್ಕೆ ಹೋದಾಗ ನೀವಿರುವುದು ನ್ಯೂಯಾರ್ಕ್ ರಾಜ್ಯದಲ್ಲಿ. ಅಲ್ಲಿ 2024ರ ಫೆಬ್ರವರಿಯಿಂದ ಕಾರ್ಡಿನ ಪೂರ್ತಿ ಬೆಲೆಯನ್ನು ಡಾಲರಿನಲ್ಲೇ ಬರೆಯಬೇಕು, "ಕಾರ್ಡಿಗೆ ಶೇಕಡಾ 3 ಹೆಚ್ಚು" ಎಂದು ಚೀಟಿ ಅಂಟಿಸಿದರೆ ಸಾಲದು. ಕನೆಕ್ಟಿಕಟ್, ಮ್ಯಾಸಚೂಸೆಟ್ಸ್‌ನಲ್ಲಿ ಸರ್‌ಚಾರ್ಜೇ ನಿಷಿದ್ಧ. ಕ್ಯಾಶಿಗೆ ರಿಯಾಯಿತಿ ಕೊಡುವುದು ಮಾತ್ರ ಎಲ್ಲ ಕಡೆ ಸರಿ. ಬಂಕುಗಳ ಎರಡು ರೇಟಿನ ಗುಟ್ಟು ಅದೇ.

ಅಂಗಡಿಯವರನ್ನೇ ಬೈಯಬೇಡಿ. ನೀವು ಕಾರ್ಡ್ ಉಜ್ಜಿದಾಗ ಶೇಕಡಾ 2ರಿಂದ 3ರಷ್ಟು ಅವರ ಕೈಬಿಟ್ಟು ಹೋಗುತ್ತದೆ, ಅದರ ದೊಡ್ಡ ಪಾಲು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ನಿಮಗೆ ಬರುವ ಕ್ಯಾಶ್‌ಬ್ಯಾಕ್ ಹುಟ್ಟುವುದೂ ಅಲ್ಲೇ. ಕರಿಬೇವು, ಕೊತ್ತಂಬರಿ ಮಾರುವ ಅಂಗಡಿಗೆ ಅದು ಸಣ್ಣ ಮೊತ್ತವಲ್ಲ. "10 ಡಾಲರ್ ಮಿನಿಮಮ್" ಎಂಬ ಬೋರ್ಡೂ ಕಾನೂನಿಗೆ ಒಪ್ಪಿಗೆಯೇ, 2010ರಿಂದ. ಅದೂ ಕ್ರೆಡಿಟ್ ಕಾರ್ಡಿಗೆ ಮಾತ್ರ.

ನಿಜವಾಗಿ ಪೆಟ್ಟು ಬೀಳುವುದು ಬಾಡಿಗೆಯಲ್ಲಿ

ದೋಸೆಯ ಮೇಲಿನ ಎರಡು ಡಾಲರ್ ಬಿಡಿ. ಅಪಾರ್ಟ್‌ಮೆಂಟಿನವರು ಬಾಡಿಗೆ ಕಟ್ಟಲು ಒಂದು ವೆಬ್‌ಸೈಟ್ ಕೊಡುತ್ತಾರೆ. ಅಲ್ಲಿ ಕಾರ್ಡ್ ಆರಿಸಿದರೆ "ಕನ್ವೀನಿಯನ್ಸ್ ಫೀ" ಬೀಳುತ್ತದೆ. 2,200 ಡಾಲರ್ ಬಾಡಿಗೆಗೆ ಶೇಕಡಾ 2.95 ಅಂದರೆ 64.90. ಕಾರ್ಡ್ ನಿಮಗೆ ಶೇಕಡಾ 1.5 ವಾಪಸ್ ಕೊಟ್ಟರೆ 33 ಡಾಲರ್. ಉಳಿದ 32 ಡಾಲರ್ ತಿಂಗಳು ತಿಂಗಳು ನಿಮ್ಮದೇ ಜೇಬಿನಿಂದ. ಪಾಯಿಂಟ್ ಸಿಗುತ್ತದೆ ಅಂತ ನಾನೇ ಮೊದಲ ನಾಲ್ಕು ತಿಂಗಳು ಹೀಗೆ ಕಟ್ಟಿ, ಮನೆಯಲ್ಲಿ ಬೈಸಿಕೊಂಡೆ. ಅದೇ ಪುಟದಲ್ಲಿ "ಎಸಿಎಚ್" (ಖಾತೆಯಿಂದ ಖಾತೆಗೆ ನೇರ ವರ್ಗಾವಣೆ) ಅಥವಾ "ಬ್ಯಾಂಕ್ ಅಕೌಂಟ್" ಎಂಬ ಆಯ್ಕೆ ಇರುತ್ತದೆ. ಅಲ್ಲಿ ಫೀ ಇರುವುದಿಲ್ಲ, ಇದ್ದರೂ ಒಂದೆರಡು ಡಾಲರ್. ರೌಟಿಂಗ್ ನಂಬರ್ (ನಿಮ್ಮ ಬ್ಯಾಂಕನ್ನು ಗುರುತಿಸುವ ಸಂಖ್ಯೆ), ಅಕೌಂಟ್ ನಂಬರ್ ಎರಡೂ ಚೆಕ್ಕಿನ ಕೆಳಗೇ ಅಚ್ಚಾಗಿರುತ್ತವೆ. ಅದೂ ಇಲ್ಲವೆಂದರೆ ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ "ಬಿಲ್ ಪೇ" ಹುಡುಕಿ. ಬಹಳಷ್ಟು ಬ್ಯಾಂಕುಗಳು ತಾವೇ ಚೆಕ್ ಬರೆದು, ಅಂಚೆ ಚೀಟಿ ಹಚ್ಚಿ, ಓನರ್‌ಗೆ ಕಳಿಸುತ್ತವೆ, ನಿಮಗೆ ಖರ್ಚಿಲ್ಲ.

ಏಪ್ರಿಲ್‌ನಲ್ಲಿ ಐಆರ್‌ಎಸ್‌ಗೆ (ಇಲ್ಲಿನ ಕೇಂದ್ರ ತೆರಿಗೆ ಇಲಾಖೆಗೆ) ತೆರಿಗೆ ಬಾಕಿ ಕಟ್ಟುವಾಗಲೂ ಹೀಗೇ. ಕ್ರೆಡಿಟ್ ಕಾರ್ಡಿಗೆ ಶೇಕಡಾ 2ರ ಆಸುಪಾಸು ಫೀ, ಬ್ಯಾಂಕ್ ಖಾತೆಯಿಂದ ಡೈರೆಕ್ಟ್ ಪೇ ಮಾಡಿದರೆ ಸೊನ್ನೆ.

ಫೀ ಕೊಟ್ಟಾದರೂ ಕಾರ್ಡ್ ಬಳಸುವುದು ಲಾಭವಾಗುವ ಸಂದರ್ಭ ನನಗೆ ಕಂಡಿದ್ದು ಒಂದೇ: ಇಷ್ಟು ದಿನದಲ್ಲಿ ಇಷ್ಟು ಖರ್ಚು ಮಾಡಿದರೆ ಸಿಗುವ ಹೊಸ ಕಾರ್ಡಿನ ಬೋನಸ್ ಗಡುವು ಮುಗಿಯುತ್ತಿದ್ದು, ಆ ಖರ್ಚಿನ ಗುರಿಗೆ ಸ್ವಲ್ಪವೇ ಕಮ್ಮಿ ಇದ್ದಾಗ. ಹೊಸಬರಿಗೆ ಕ್ರೆಡಿಟ್ ಹಿಸ್ಟರಿ ಇಲ್ಲದೆ ಮೊದಲು ಸಿಗುವುದು ಹೆಚ್ಚಾಗಿ ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡ್, ಆದ್ದರಿಂದ ಆ ಚಿಂತೆ ಸದ್ಯಕ್ಕೆ ಬೇಡ. ಕ್ರೆಡಿಟ್ ಸ್ಕೋರ್ ಬೆಳೆಯಲು ಬಾಡಿಗೆಯಷ್ಟು ದೊಡ್ಡ ಮೊತ್ತ ಉಜ್ಜಬೇಕಿಲ್ಲ. ದಿನಸಿಗೆ ಬಳಸಿ, ತಿಂಗಳಿಗೆ ಸರಿಯಾಗಿ ಪೂರ್ತಿ ತೀರಿಸಿ.

ಊರಿಂದ ತಂದ ಕಾರ್ಡ್

ಭಾರತದ ಕ್ರೆಡಿಟ್ ಕಾರ್ಡನ್ನು ಮೊದಲ ಕೆಲವು ದಿನ ಎಲ್ಲರೂ ಬಳಸುತ್ತಾರೆ. ಅನೇಕ ಕಾರ್ಡುಗಳಿಗೆ ಫಾರೆಕ್ಸ್ ಮಾರ್ಕಪ್ (ಡಾಲರಿನ ಖರ್ಚಿಗೆ ಬ್ಯಾಂಕ್ ಹಾಕುವ ಫೀ) ಶೇಕಡಾ 3.5, ಅದರ ಮೇಲೆ ಶೇಕಡಾ 18 ಜಿಎಸ್‌ಟಿ; ಒಟ್ಟು 4.13. ಶೇಕಡಾ 3 ಸರ್‌ಚಾರ್ಜ್ ಇರುವ ಅಂಗಡಿಯಲ್ಲಿ ಉಜ್ಜಿದರೆ 100 ಡಾಲರಿನ ಸಾಮಾನಿಗೆ 107 ಡಾಲರ್ ದಾಟುತ್ತದೆ. ಬಂದ ವಾರದಲ್ಲೇ ಪಾಸ್‌ಪೋರ್ಟ್, ವೀಸಾ, ವಿಳಾಸದ ಕಾಗದ ಹಿಡಿದು ಬ್ಯಾಂಕಿಗೆ ಹೋಗಿ ಚೆಕಿಂಗ್ ಅಕೌಂಟ್ (ದಿನನಿತ್ಯದ ವ್ಯವಹಾರದ ಖಾತೆ) ತೆಗೆಯಿರಿ. ಡೆಬಿಟ್ ಕಾರ್ಡ್ ಕೈಗೆ ಬಂದರೆ ಅರ್ಧ ತಾಪತ್ರಯ ತೀರಿತು. ಪರ್ಸಿನಲ್ಲಿ 40 ಡಾಲರ್ ನೋಟು ಯಾವಾಗಲೂ ಇರಲಿ.

ಜೆಲ್ ಎಂಬ ಸೇವೆ ನೋಡಲು ಯುಪಿಐ ಥರವೇ, ದುಡ್ಡು ಆ ಕ್ಷಣವೇ ತಲುಪುತ್ತದೆ, ಸಾಮಾನ್ಯವಾಗಿ ಖರ್ಚೂ ಇಲ್ಲ. ಆದರೆ ತಪ್ಪು ನಂಬರಿಗೆ ಹೋದರೆ ಬರುವುದು ಕಷ್ಟ. ಮನೆ ನೋಡದೆ ಅಡ್ವಾನ್ಸ್ ಅಂತ ಜೆಲ್ ಮಾಡಬೇಡಿ, ಓನರ್ ಎಷ್ಟೇ ಅವಸರ ಮಾಡಲಿ.

ಇನ್ನು ನಮ್ಮ ಸಂಘದ ಮಾತು. ಯುಗಾದಿ ಟಿಕೆಟ್‌ಗೆ ಕಾರ್ಡ್ ಕೊಟ್ಟರೆ ನಮಗೂ ಶೇಕಡಾ 3ರ ಹತ್ತಿರ ಖೋತಾ. ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ, ಹೋಳಿಗೆ ಊಟದ ಲೆಕ್ಕದಲ್ಲೇ ನುಂಗಿಕೊಳ್ಳುತ್ತೇವೆ. ಹಾಗಾಗಿ ಜೆಲ್ ಅಥವಾ ಚೆಕ್ ಕೊಟ್ಟರೆ ಉಪಕಾರ. ಇಲ್ಲಿನ ಚೆಕ್ ಬರೆದು ಅಭ್ಯಾಸವಿಲ್ಲದಿದ್ದರೆ ಖಾಲಿ ಚೆಕ್ ಹಿಡಿದು ಟಿಕೆಟ್ ಮೇಜಿನ ಹತ್ತಿರ ಬನ್ನಿ, ಪಕ್ಕದಲ್ಲಿ ಕೂತು ತೋರಿಸಿಕೊಡುತ್ತೇವೆ. ಒಂದು ನೆನಪಿರಲಿ: ಇಲ್ಲಿ ತಿಂಗಳು ಮೊದಲು, ತಾರೀಕು ಆಮೇಲೆ.