ಮೋಟರ್ ಯಾಕೆ ಸುಟ್ಟಿತು: ವಾಮಂಜೂರಿನಲ್ಲಿ ನಾನು ಓದಿದ ಎಲೆಕ್ಟ್ರಿಕಲ್

ಕಡೂರು ಹತ್ತಿರದ ನಮ್ಮ ತೋಟದಲ್ಲಿ 5 ಎಚ್‌ಪಿ ಮೋಟರ್ ಎರಡು ಬೇಸಿಗೆಯಲ್ಲಿ ಮೂರು ಸಲ ಸುಟ್ಟಿತ್ತು. ಪ್ರತಿ ಸಲವೂ ರಿವೈಂಡಿಂಗ್ ಅಂಗಡಿ, ಪ್ರತಿ ಸಲವೂ ಕೈಸಾಲ. ಅಷ್ಟರಲ್ಲಿ ಅಡಿಕೆ ಸಸಿ ಬಾಡಿರುತ್ತಿದ್ದವು. 2011ರ ಸಿಇಟಿ ಕೌನ್ಸೆಲಿಂಗ್‌ನಲ್ಲಿ ಎಲ್ಲರೂ ಕಂಪ್ಯೂಟರ್ ಸೈನ್ಸ್ ತಗೋ ಅಂದರು. ನಾನು ಎಲೆಕ್ಟ್ರಿಕಲ್ ಹಿಡಿದದ್ದು ಆ ಮೋಟರ್ ಕಾರಣಕ್ಕೇ.

ಸೀಟು ಸಿಕ್ಕಿದ್ದು ಮಂಗಳೂರಿನ ವಾಮಂಜೂರಿನಲ್ಲಿ, ಸೇಂಟ್ ಜೋಸೆಫ್ ಇಂಜಿನಿಯರಿಂಗ್ ಕಾಲೇಜಿನಲ್ಲಿ. 2002ರಲ್ಲಿ ಮಂಗಳೂರು ಧರ್ಮಪ್ರಾಂತ್ಯ ಶುರುಮಾಡಿದ ಕಾಲೇಜು. ಅಜ್ಜಿಗೆ ಒಂದೇ ಆತಂಕ: "ಫಾದರ್‌ಗಳ ಕಾಲೇಜಂತೆ, ನಮ್ಮ ದೇವರಿಗೆ ಕೈಮುಗಿಯೋಕೆ ಬಿಡ್ತಾರೇನೋ?" ಪೇಟೆಯಿಂದ ಬರುವ ಬಸ್ಸು ಕುಲಶೇಖರದ ಇಗರ್ಜಿ ದಾಟಿ, ಕುಡುಪು ಅನಂತಪದ್ಮನಾಭ ದೇವಸ್ಥಾನ ದಾಟಿ ವಾಮಂಜೂರಿಗೆ ಬರುತ್ತದೆ. ನಾನು ಕುಡುಪಿನಲ್ಲಿ ಕೈಮುಗಿಯುತ್ತಿದ್ದೆ, ಪಕ್ಕದಲ್ಲಿ ಕೂತ ಗೆಳೆಯ ಕುಲಶೇಖರದಲ್ಲಿ ಶಿಲುಬೆ ಗುರುತು ಹಾಕುತ್ತಿದ್ದ. ನಾಲ್ಕು ವರ್ಷದಲ್ಲಿ ನಿನ್ನ ಧರ್ಮ ಯಾವುದು ಅಂತ ನನ್ನನ್ನು ಯಾರೂ ಕೇಳಲಿಲ್ಲ.

ಕಷ್ಟವಾದದ್ದು ಇಂಗ್ಲಿಷು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ ನನ್ನದು. ಮೂರನೇ ಸೆಮಿಸ್ಟರ್‌ನ ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಮೊದಲ ಇಂಟರ್ನಲ್ಸ್‌ಗೆ 25ಕ್ಕೆ 6 ಬಂತು. ಆ ರಾತ್ರಿ ನೋಟ್‌ಬುಕ್ಕಿನ ಎಡಪುಟವನ್ನು ಕನ್ನಡಕ್ಕೆ ಬಿಟ್ಟೆ. ಬಲಗಡೆ ಪಾಠದ ಇಂಗ್ಲಿಷ್, ಎಡಗಡೆ ಅದನ್ನೇ ಅಪ್ಪನಿಗೆ ಹೇಳುವ ಹಾಗೆ. ಎಡಪುಟದಲ್ಲಿ ಬರೆಯಲಾಗದ್ದು ನನಗೆ ಅರ್ಥವಾಗಿಲ್ಲ ಅಂತ ಲೆಕ್ಕ. ಸರ್ಕ್ಯೂಟ್ ಬರೆಯದೆ ಸಮೀಕರಣಕ್ಕೆ ಕೈಹಾಕುವುದನ್ನೂ ಬಿಟ್ಟೆ. ಕನ್ನಡ ಮಾಧ್ಯಮದಿಂದ ಬರುವ ಮಕ್ಕಳಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಅದೇ ಗೆಳೆಯ ಮನೆಗೆ ಕರೆದ. ಮೇರಿ ಮಾತೆ ಹುಟ್ಟಿದ ದಿನ, ಹೊಸ ಬೆಳೆಯ ಹಬ್ಬವೂ ಹೌದು. ಇಗರ್ಜಿಯಿಂದ ತಂದ ಹೊಸ ಭತ್ತದ ತೆನೆಯ ಕಾಳನ್ನು ಸುಲಿದು ಪಾಯಸಕ್ಕೆ ಹಾಕಿದ್ದರು. ಊಟ ಪೂರ್ತಿ ಸಸ್ಯಾಹಾರ. "ನಿನಗೋಸ್ಕರ ಮಾಡಿದ್ದಲ್ಲ ಮಗಾ, ಇವತ್ತು ನಮ್ಮದೂ ಇದೇ" ಅಂತ ಅವನ ಅಮ್ಮ ಬಡಿಸಿದರು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ನಾವು ಓದುತ್ತಿದ್ದದ್ದು ಆ ಮನೆಯ ಜಗಲಿಯಲ್ಲೇ.

ನನಗೆ ವಿದ್ಯೆ ಹತ್ತಿದ್ದು ಮಷೀನ್ಸ್ ಲ್ಯಾಬಿನಲ್ಲಿ. ಡಿಸಿ ಶಂಟ್ ಮೋಟರ್ ಚಾಲೂ ಮಾಡುವ ಮೊದಲು ಫೀಲ್ಡ್ ರಿಯೋಸ್ಟಾಟ್ ಮಿನಿಮಮ್, ಆರ್ಮೇಚರ್ ರಿಯೋಸ್ಟಾಟ್ ಮ್ಯಾಕ್ಸಿಮಮ್ ಇರಬೇಕು. ಫೀಲ್ಡ್ ಅಂದರೆ ಕಾಂತಬಲ ಹುಟ್ಟಿಸುವ ಸುರುಳಿ, ಆರ್ಮೇಚರ್ ಅಂದರೆ ತಿರುಗುವ ಭಾಗ, ರಿಯೋಸ್ಟಾಟ್ ಅಂದರೆ ಹೆಚ್ಚುಕಡಿಮೆ ಮಾಡಬಹುದಾದ ರೆಸಿಸ್ಟೆನ್ಸ್. ಬಾಯಿಪಾಠ ಮಾಡಿದರೆ ಅದು ಪರೀಕ್ಷೆ ದಿನ ತಿರುವುಮುರುವಾಗುತ್ತದೆ. ನಿಂತ ಮೋಟರಿನಲ್ಲಿ ಬ್ಯಾಕ್ ಇಎಂಎಫ್, ಅಂದರೆ ತಿರುಗುವಾಗ ಒಳಗೇ ಹುಟ್ಟುವ ಎದುರು ವೋಲ್ಟೇಜ್, ಇರುವುದಿಲ್ಲ; ಕರೆಂಟನ್ನು ತಡೆಯುವುದು ಆರ್ಮೇಚರ್ ಕಡೆಯ ರೆಸಿಸ್ಟೆನ್ಸ್ ಮಾತ್ರ. ಫೀಲ್ಡ್ ಸೊರಗಿದರೆ ವೇಗ ಮಿತಿಮೀರುತ್ತದೆ. ಕಾರಣ ಗೊತ್ತಿದ್ದರೆ ಮರೆಯುವ ಪ್ರಶ್ನೆಯೇ ಇಲ್ಲ.

ಒಂದು ದಿನ ಸರ್, ನಮ್ಮ ತೋಟದ್ದರಂತೆ ಮೂರು ಲೈನಿನ ಕರೆಂಟಿನ ತ್ರೀ ಫೇಸ್ ಇಂಡಕ್ಷನ್ ಮೋಟರ್ ಓಡುತ್ತಿರುವಾಗಲೇ ಒಂದು ಫೇಸಿನ ಸ್ವಿಚ್ ಆರಿಸಿದರು. ಮೋಟರ್ ನಿಲ್ಲಲಿಲ್ಲ. ಗುಂಯ್ ಎನ್ನುವ ಸದ್ದು ದಪ್ಪಗಾಯಿತು, ಉಳಿದ ಫೇಸಿನ ಅಮ್ಮೀಟರ್ ಮುಳ್ಳು ಮೇಲೇರಿತು. ಪೂರ್ತಿ ನಿಲ್ಲಿಸಿ ಹಾಗೆಯೇ ಮತ್ತೆ ಚಾಲೂ ಮಾಡಿದರೆ ಬರೀ ಗುಂಯ್, ಶಾಫ್ಟ್ ಅಲ್ಲಾಡಲಿಲ್ಲ. ನನಗೆ ಮೈ ಜುಮ್ಮೆಂದಿತು. ಅದು ನಮ್ಮ ತೋಟದ ಸದ್ದು. ಅದೇ ಲೋಡ್ ಎಳೆಯಲು ಉಳಿದೆರಡು ಲೈನುಗಳಲ್ಲಿ ಕರೆಂಟ್ ಸುಮಾರು 1.73 ಪಟ್ಟಾಗುತ್ತದೆ: 7.5 ಆಂಪಿಯರ್ ಹೋಗುವಲ್ಲಿ 13. ನಾವೋ, ಪದೇ ಪದೇ ಟ್ರಿಪ್ ಆಗುತ್ತದೆಂದು, ಕರೆಂಟ್ ಮಿತಿಮೀರಿದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನೇ ತಪ್ಪಿಸಿ ಡೈರೆಕ್ಟ್ ಕೊಟ್ಟಿದ್ದೆವು. ವೈಂಡಿಂಗ್ ಸುಡದೆ ಇನ್ನೇನಾದೀತು?

ರಜೆಗೆ ಊರಿಗೆ ಹೋದಾಗ ರಿಲೇಯನ್ನು ಮತ್ತೆ ಸೇರಿಸಿದೆ. ಸ್ಟಾರ್ಟರನ್ನು ಹಿಡಿದಿಡುವ ನೋ-ವೋಲ್ಟ್ ಕಾಯಿಲ್ ಜೊತೆ ಸೀರೀಸ್‌ನಲ್ಲಿ, ಒಂದು ಫೇಸ್ ಹೋದರೆ ಮೋಟರ್ ಓಡದಂತೆ ತಡೆಯುವ ಸಿಂಗಲ್ ಫೇಸ್ ಪ್ರಿವೆಂಟರ್ ಕೂರಿಸಿದೆ. ಮೇನ್ ಇಳಿಸಿ, ಒಂದು ಫ್ಯೂಸ್ ಕಿತ್ತು, ಮೇನ್ ಏರಿಸಿ ಹಸಿರು ಬಟನ್ ಒತ್ತಿದೆ. ಸ್ಟಾರ್ಟರ್ ಹಿಡಿಯಲಿಲ್ಲ. ಅಪ್ಪ ನಂಬಲಿಲ್ಲ. ಮೇನ್ ಇಳಿಸಿ, ಇನ್ನೊಂದು ಫೇಸಿನ ಫ್ಯೂಸನ್ನು ತಾವೇ ಕಿತ್ತು, ತಾವೇ ಬಟನ್ ಒತ್ತಿ ನೋಡಿದರು.